ಸೈಕಲ್ ನಿಲ್ಲಿಸುವಾಗ ಯಾವ ಕಾಲು ನೆಲಕ್ಕೆ?

ಒಂದು ಚಿಕ್ಕ ಪ್ರಶ್ನೆ. ಸೈಕಲ್ ನಿಲ್ಲಿಸುವಾಗ ನೀವು ಮೊದಲು ನೆಲಕ್ಕೆ ಊರುವುದು ಎಡಗಾಲನ್ನೋ, ಬಲಗಾಲನ್ನೋ? ಮತ್ತೆ ಹೊರಡುವಾಗ ಮೊದಲು ಪೆಡಲ್ ತುಳಿಯುವ ಕಾಲು ಯಾವುದು? ಉತ್ತರ ಹೇಳಲು ಹೆಚ್ಚಿನವರು ಎದ್ದು ನಿಂತು, ಗಾಳಿಯಲ್ಲೇ ಸೈಕಲ್ ಹತ್ತಿ ನೋಡಬೇಕಾಗುತ್ತದೆ. ನಮಗೂ ಹಾಗೇ ಆಯಿತು. ದಿನವೂ ಮಾಡುವ ಕೆಲಸವೇ ಆದರೂ ಕಾಲು ತಾನಾಗಿ ಮಾಡಿ ಮುಗಿಸುವುದರಿಂದ ಅದು ನಮ್ಮ ಗಮನಕ್ಕೇ ಬರುವುದಿಲ್ಲ.

ಈ ಪ್ರಶ್ನೆ ಹುಟ್ಟಿದ್ದು ಒಂದು ಸಂಜೆಯ ಘಟನೆಯಿಂದ. ನಾವು ಮಸ್ಕತ್ತಿನ ಒಂದೇ ಕಟ್ಟಡದಲ್ಲಿ ವಾಸಿಸುವ ಕನ್ನಡ ಮನೆಗಳ ಮಕ್ಕಳು. ಬಿಸಿಲು ಇಳಿದ ಮೇಲೆ ಕಟ್ಟಡದ ಹಿಂದಿನ ರಸ್ತೆಯಲ್ಲಿ ಸೈಕಲ್ ಓಡಿಸುತ್ತೇವೆ. ಆಗಷ್ಟೇ ಊರಿನಿಂದ ಬಂದಿದ್ದ ನಮ್ಮ ಗೆಳೆಯನೊಬ್ಬ ಹಿಂದಿನಿಂದ ಕಾರಿನ ಸದ್ದು ಕೇಳಿ, ಬಲ ಅಂಚಿಗೆ ಸರಿದು ಸೈಕಲ್ ನಿಲ್ಲಿಸಿದ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆದರೆ ಅಭ್ಯಾಸಬಲದಿಂದ ಎಡಗಾಲು ಊರಿದ. ಸೈಕಲ್ ಎಡಕ್ಕೆ ವಾಲಿತು, ಹ್ಯಾಂಡಲ್ ಕಾರಿನ ಕಡೆಗೇ ಹೊರಳಿತು. ಚಾಲಕರು ಥಟ್ಟನೆ ಬ್ರೇಕ್ ಹಾಕಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ನಮ್ಮೆಲ್ಲರ ಎದೆ ಮಾತ್ರ ಬಹಳ ಹೊತ್ತು ಡವಡವ ಎನ್ನುತ್ತಿತ್ತು.

ತಪ್ಪು ಎಲ್ಲಿ ಆಯಿತು? ಭಾರತದಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಸಾಗುತ್ತವೆ. ಅಲ್ಲಿ ನಮ್ಮ ಎಡಕ್ಕೆ ರಸ್ತೆಯ ಅಂಚು, ಬಲಕ್ಕೆ ವಾಹನಗಳು. ಎಡಗಾಲು ಊರಿದರೆ ಸೈಕಲ್ ಅಂಚಿನ ಕಡೆಗೆ ವಾಲುತ್ತದೆ. ಒಮಾನಿನಲ್ಲಿ ವಾಹನಗಳು ಬಲಬದಿಯಲ್ಲಿ ಸಾಗುತ್ತವೆ. ಇಲ್ಲಿ ಅಂಚು ಬಲಕ್ಕೆ, ವಾಹನಗಳು ಎಡಕ್ಕೆ. ಊರಿನಲ್ಲಿ ನಮ್ಮನ್ನು ಕಾಪಾಡುತ್ತಿದ್ದ ಅಭ್ಯಾಸವೇ ಇಲ್ಲಿ ಅಪಾಯ ತರಬಹುದು.

ಅಜ್ಜ ಸೈಕಲ್ ಹತ್ತುತ್ತಿದ್ದ ಬಗೆ

ರಜೆಯಲ್ಲಿ ಉಡುಪಿಗೆ ಹೋದಾಗ ನಮ್ಮಲ್ಲೊಬ್ಬರ ಅಜ್ಜನನ್ನು ಈ ಬಗ್ಗೆ ಕೇಳಿದೆವು. ಅಜ್ಜ ನಕ್ಕು, ಅಂಗಳದಲ್ಲೇ ಮಾಡಿ ತೋರಿಸಿದರು. ಸೈಕಲ್ಲಿನ ಎಡಬದಿಯಲ್ಲಿ ನಿಂತು, ಎಡಗಾಲನ್ನು ಎಡ ಪೆಡಲಿನ ಮೇಲಿಟ್ಟು, ಬಲಗಾಲಿನಿಂದ ನೆಲವನ್ನು ಎರಡು ಮೂರು ಬಾರಿ ಒದ್ದು, ಸೈಕಲ್ ಓಡತೊಡಗಿದ ಮೇಲೆ ಬಲಗಾಲನ್ನು ಹಿಂದಿನಿಂದ ಎತ್ತಿ ಸೀಟಿನ ಆಚೆ ಹಾಕುವುದು. ಇಳಿಯುವಾಗಲೂ ಹಾಗೆಯೇ, ಬಲಗಾಲನ್ನು ಹಿಂದಿನಿಂದ ತಂದು ಎಡಬದಿಗೇ ಇಳಿಯುವುದು. ನಾವಾದರೋ ಮೊದಲೇ ಸೈಕಲ್ ದಾಟಿ ನಿಂತು, ಎಡಗಾಲು ಊರಿ, ಬಲಗಾಲಿನಿಂದ ಪೆಡಲ್ ತುಳಿಯುತ್ತೇವೆ. ಅಜ್ಜ ಹೊರಡುವಾಗ ನೆಲದಲ್ಲಿರುವುದು ಬಲಗಾಲು, ನಮ್ಮದು ಎಡಗಾಲು. ಆದರೂ ಇಬ್ಬರೂ ಹತ್ತುವುದು, ಇಳಿಯುವುದು ಎಡಬದಿಯಿಂದಲೇ.

ಎಡಬದಿಯೇ ಏಕೆ ಎಂದು ಕೇಳಿದಾಗ ಅಜ್ಜ ಚೈನನ್ನು ತೋರಿಸಿದರು. ಚೈನ್ ಇರುವುದು ಸೈಕಲ್ಲಿನ ಬಲಬದಿಯಲ್ಲಿ. ಆ ಕಡೆಯಿಂದ ಹತ್ತಿದರೆ ಪಂಚೆಗೆ ಎಣ್ಣೆ ಮಸಿ ಮೆತ್ತಿಕೊಳ್ಳುತ್ತದೆ. ಸ್ಟ್ಯಾಂಡ್ ಕೂಡ ಸಾಮಾನ್ಯವಾಗಿ ಎಡಕ್ಕೇ ಇರುತ್ತದೆ.

ಸ್ವಲ್ಪ ಇತಿಹಾಸ

1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಓಡಿಸಿದ ಎರಡು ಚಕ್ರದ ಗಾಡಿಗೆ ಪೆಡಲೇ ಇರಲಿಲ್ಲ. ಎರಡೂ ಕಾಲುಗಳಿಂದ ನೆಲವನ್ನು ಒದೆಯುತ್ತಾ ಸಾಗಬೇಕಿತ್ತು. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಮುಂದಿನ ಚಕ್ರಕ್ಕೆ ಪೆಡಲ್ ಬಂತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಹಿಂದಿನ ಚಕ್ರವನ್ನು ಚೈನಿನಿಂದ ತಿರುಗಿಸುವ 'ರೋವರ್' ಸೈಕಲ್ ಹೊರತಂದರು. ಇಂದಿನ ನಮ್ಮ ಸೈಕಲ್ಲುಗಳು ಅದೇ ವಂಶದವು. ಕುದುರೆಯನ್ನೂ ಎಡಬದಿಯಿಂದಲೇ ಹತ್ತುವ ರೂಢಿಯಿದೆ. ಸೈನಿಕರ ಖಡ್ಗ ಎಡಸೊಂಟದಲ್ಲಿ ತೂಗುತ್ತಿದ್ದುದರಿಂದ ಎಡಗಾಲು ರಿಕಾಪಿನಲ್ಲಿಟ್ಟು ಬಲಗಾಲು ದಾಟಿಸುವುದು ಸುಲಭವಾಗಿತ್ತು ಎಂದು ಅದಕ್ಕೆ ಕಾರಣ ಹೇಳುತ್ತಾರೆ.

ಮೊದಲ ತುಳಿತದ ಲೆಕ್ಕ

ಹೆಚ್ಚಿನ ಜನ ಬಲಗೈಯವರಿರುವಂತೆ ಬಲಗಾಲಿನವರೂ ಹೌದು. ಚೆಂಡು ಒದೆಯುವಾಗ ಬಲಗಾಲು ಕೆಲಸ ಮಾಡುತ್ತದೆ, ಎಡಗಾಲು ದೇಹದ ಭಾರ ಹೊರುತ್ತದೆ. ಸೈಕಲ್ಲಿನಲ್ಲೂ ಅದೇ ಹಂಚಿಕೆ ಎನ್ನಬಹುದು: ಎಡಗಾಲು ನೆಲದಲ್ಲಿ ಆಧಾರ, ಬಲಗಾಲು ಪೆಡಲಿನ ಮೇಲೆ.

ಪೆಡಲ್ ನೆಟ್ಟಗೆ ಮೇಲಿದ್ದರೆ ಎಷ್ಟು ಒತ್ತಿದರೂ ಅದು ತಿರುಗುವುದಿಲ್ಲ. ಸ್ವಲ್ಪ ಮುಂದಕ್ಕೆ, ಬಲಬದಿಯಿಂದ ನೋಡಿದರೆ ಗಡಿಯಾರದಲ್ಲಿ ಎರಡು ಗಂಟೆಯ ಮುಳ್ಳಿನ ಜಾಗದಲ್ಲಿ ಇರಬೇಕು. ಮುಂದಿನ ಹಲ್ಲುಗಾಲಿಗೆ 48 ಹಲ್ಲು, ಹಿಂದಿನದಕ್ಕೆ 18 ಹಲ್ಲು ಇದೆ ಎಂದುಕೊಳ್ಳಿ. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರ ಸುಮಾರು 2.67 ಸುತ್ತು ತಿರುಗುತ್ತದೆ. 26 ಇಂಚಿನ ಚಕ್ರದ ಸುತ್ತಳತೆ ಸುಮಾರು 2.07 ಮೀಟರ್. ಎರಡು ಗಂಟೆಯ ಜಾಗದಿಂದ ಕೆಳಗಿನವರೆಗೆ ತುಳಿದರೆ ಮೂರನೇ ಒಂದು ಸುತ್ತು. ಅಷ್ಟರಲ್ಲಿ ಸೈಕಲ್ ಸುಮಾರು 1.8 ಮೀಟರ್ ಮುಂದೆ ಸಾಗುತ್ತದೆ. ನಿಧಾನವಾದ ಸೈಕಲ್ ಓಲಾಡುತ್ತದೆ, ವೇಗ ಬಂದ ಮೇಲೆ ನೆಟ್ಟಗಾಗುತ್ತದೆ. ಆದ್ದರಿಂದ ಮೊದಲ ತುಳಿತ ಗಟ್ಟಿಯಾಗಿರಬೇಕು.

2010ರಲ್ಲಿ ಆರಂಭವಾದ 'ಟೂರ್ ಆಫ್ ಒಮಾನ್' ಸ್ಪರ್ಧೆಯ ಕೊನೆಯ ಹಂತ ಹಲವು ವರ್ಷ ಮತ್ರಾದ ಕಾರ್ನಿಷ್‌ನಲ್ಲಿ ಮುಗಿದಿದೆ. ಅಂತಹ ಸ್ಪರ್ಧಿಗಳ ಬೂಟುಗಳು ಪೆಡಲಿಗೆ ಸಿಕ್ಕಿಸಿದಂತಿರುತ್ತವೆ. ನಿಲ್ಲುವ ಮೊದಲೇ ಅವರು ಒಂದು ಬೂಟನ್ನು ಬಿಡಿಸಿಕೊಳ್ಳಬೇಕು, ಮರೆತರೆ ಬೀಳುವುದೇ! ಯಾವ ಕಾಲು ಊರಬೇಕೆಂದು ಅವರು ಮುಂಚೆಯೇ ನಿರ್ಧರಿಸುತ್ತಾರೆ. ನಾವು ಕಲಿಯಬೇಕಾದದ್ದೂ ಅದನ್ನೇ.

ನಾವು ಮಾಡಿದ ಅಭ್ಯಾಸ

ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು, ಖಾಲಿ ಪಾರ್ಕಿಂಗ್ ಜಾಗದಲ್ಲಿ ನಾವು ಬಲಗಾಲು ಊರಲು ಕಲಿತೆವು. ನೀವೂ ಪ್ರಯತ್ನಿಸಿ.

1. ಎರಡೂ ಕಾಲು ನೆಲಕ್ಕೆ ಮುಟ್ಟುವಷ್ಟು ಸೀಟನ್ನು ತಗ್ಗಿಸಿ.
2. ಮೊದಲು ಬ್ರೇಕ್, ಆಮೇಲೆ ಕಾಲು. ಓಡುವ ಸೈಕಲ್ಲನ್ನು ಕಾಲಿನಿಂದ ಉಜ್ಜಿ ನಿಲ್ಲಿಸಬೇಡಿ.
3. ಎಡ ಪೆಡಲನ್ನು ಕೆಳಗೆ ತಂದು ಎಡಗಾಲಿನ ಮೇಲೆ ಭಾರ ಹಾಕಿ. ಸೈಕಲ್ ನಿಲ್ಲುವ ಹೊತ್ತಿಗೆ ಬಲಕ್ಕೆ ತುಸು ವಾಲಿ ಬಲಗಾಲು ಊರಿ.
4. ಹೊರಡುವ ಮೊದಲು ಎಡಭುಜದ ಮೇಲಿಂದ ಹಿಂದೆ ತಿರುಗಿ ನೋಡಿ. ಎಡ ಪೆಡಲನ್ನು ಮೇಲೆತ್ತಿಟ್ಟು ಗಟ್ಟಿಯಾಗಿ ತುಳಿಯಿರಿ.
5. ಎಡಬದಿಗೆ ಇಳಿಯಲೇಬೇಕಾದರೆ ರಸ್ತೆಯನ್ನು ಬಿಟ್ಟು ಒಳಗೆ ಬಂದ ಮೇಲೆ ಇಳಿಯಿರಿ.
6. ಹೊಸ ಸೈಕಲ್ ಆದರೆ ಯಾವ ಕೈಯ ಬ್ರೇಕ್ ಯಾವ ಚಕ್ರಕ್ಕೆ ಎಂದು ನೋಡಿಕೊಳ್ಳಿ. ಇದು ಎಲ್ಲ ದೇಶಗಳಲ್ಲೂ ಒಂದೇ ಆಗಿರುವುದಿಲ್ಲ.

ಮೊದಲ ದಿನ ನಮ್ಮ ಎಡಗಾಲು ಪೆಡಲನ್ನು ಹುಡುಕುವುದೇ ಒಂದು ತಮಾಷೆಯಾಗಿತ್ತು. ದಿನಗಳು ಕಳೆದಂತೆ ಕಾಲು ಮಾತು ಕೇಳತೊಡಗಿತು. ಅಂದು ಹೆದರಿದ್ದ ಗೆಳೆಯ ಈಗ ನಮಗಿಂತ ಚೆನ್ನಾಗಿ ಎರಡೂ ಕಾಲಿನಿಂದ ನಿಲ್ಲಿಸಬಲ್ಲ.

ರಜೆಯಲ್ಲಿ ಊರಿಗೆ ಹೋದಾಗ ಎಲ್ಲವೂ ತಿರುವುಮುರುವು. ಅಲ್ಲಿ ಎಡಗಾಲು ಊರಬೇಕು, ಬಲಭುಜದ ಮೇಲಿಂದ ನೋಡಬೇಕು. ಎರಡು ದೇಶಗಳಲ್ಲಿ ಬೆಳೆಯುವ ನಾವು ಎರಡು ಮೂರು ಭಾಷೆಗಳನ್ನು ಕಲಿತಿದ್ದೇವೆ. ಯಾರ ಜೊತೆ ಯಾವ ಭಾಷೆ ಎಂದು ನಾಲಿಗೆಗೆ ಗೊತ್ತಿದೆ. ಯಾವ ರಸ್ತೆಯಲ್ಲಿ ಯಾವ ಕಾಲು ಎಂಬುದನ್ನು ಕಾಲಿಗೂ ಕಲಿಸೋಣ.