ನೇಮಕಾತಿ ಕೋಣೆಯ ಅಳಿಯನಿಗೆ

ಸಿರುಗುಪ್ಪ

ಪ್ರೀತಿಯ ಅಳಿಯಾ,

ಬಳ್ಳಾರಿಯಲ್ಲಿ ಎಚ್‌ಆರ್ ಕುರ್ಚಿಗೆ ಕೂತ ಮೇಲೆ ನೀನು ಫೋನಿನಲ್ಲಿ ಕೇಳಿದ್ದು ಒಂದೇ ಮಾತು. ಕೆಲಸ ಕೇಳಿ ಬಂದವರಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಅದರ ಫಲವನ್ನು ಎಐ ಓದಿ ಯೋಗ್ಯರ ಪಟ್ಟಿ ಮಾಡಿಕೊಡುತ್ತದಂತೆ, ಆ ಸಾಫ್ಟ್‌ವೇರ್ ಕೊಳ್ಳೋಣವೇ ಎಂದು. ನಿನ್ನ ವಾರಗೆಯವರೂ ಓದಲಿ ಎಂದು ಉತ್ತರವನ್ನು ಪತ್ರಿಕೆಗೇ ಬರೆಯುತ್ತಿದ್ದೇನೆ. ಕೊಳ್ಳಬೇಡ ಅನ್ನುವುದಿಲ್ಲ. ಕೊಳ್ಳುವ ಮುಂಚೆ ಆ ಸಾಫ್ಟ್‌ವೇರಿಗೇ ಒಂದು ಪರೀಕ್ಷೆ ಇಡು.

ನಿಮ್ಮಲ್ಲಿ ವರ್ಷಗಳಿಂದ ದುಡಿಯುತ್ತಿರುವ ಹತ್ತು ಜನರಿಂದ ಪ್ರಶ್ನಾವಳಿ ತುಂಬಿಸು. ಎಐ ಬರೆದುಕೊಟ್ಟ ವರದಿಗಳನ್ನು ಅದಲುಬದಲು ಮಾಡಿ ಹಂಚು. ಸ್ಟೋರ್ಸ್‌ನವನ ವರದಿ ಅಕೌಂಟ್ಸ್ ಹುಡುಗಿಗೆ, ಅವಳದು ಕಟಿಂಗ್ ಮಾಸ್ತರಿಗೆ ಹೋಗಲಿ. ಇದು ನಿಮ್ಮ ಸ್ವಭಾವಕ್ಕೆ ಎಷ್ಟು ಹೊಂದುತ್ತದೆ ಎಂದು ಐದಕ್ಕೆ ಅಂಕ ಹಾಕಿಸಿ, ಆಮೇಲೆ ನಿಜ ಹೇಳಿಬಿಡು. ಬೇರೆಯವರ ವರದಿಗೂ ಅಂಕ ಜೋರಾಗಿ ಬಿದ್ದರೆ ಆ ವರದಿ ಯಾರಿಗೂ ಹೊಂದುವಂಥದ್ದು ಎಂದಾಯಿತು. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಮಾಡಿದಂತೆ ಮಾಡಿ ಎಲ್ಲರ ಕೈಗೂ ಒಂದೇ ಬರಹ ಕೊಟ್ಟ. ಬಹುಪಾಲು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ ಸಾಲುಗಳು. ತಮಗೆ ಎಷ್ಟು ಹೊಂದುತ್ತದೆ ಎಂದು ಹುಡುಗರು ಐದಕ್ಕೆ ಹಾಕಿದ ಸರಾಸರಿ ಅಂಕ 4.26! ಜಾತ್ರೆಯಲ್ಲಿ ಗಿಳಿ ಎತ್ತಿಕೊಡುವ ಚೀಟಿಯೂ ಹೀಗೇ ಎಲ್ಲರಿಗೂ ಹೊಂದುತ್ತದೆ. ಆ ಚೀಟಿಯಲ್ಲಿ ನಾಲ್ಕು ಸಾಲು ಇದ್ದರೆ ಹೆಚ್ಚು. ಎಐ ತಡವರಿಸದೆ ಎರಡು ಪುಟ ಬರೆಯುತ್ತದೆ. ಕೆಳಗಿರುವ ಅಂಕ ಗಟ್ಟಿಯೋ ಟೊಳ್ಳೋ ಎಂದು ಯಾರೂ ನೋಡುವುದಿಲ್ಲ, ಬರವಣಿಗೆಗೇ ಮನಸೋಲುತ್ತಾರೆ.

ಹಾಗಂತ ವ್ಯಕ್ತಿತ್ವ ಪರೀಕ್ಷೆ ಬರೀ ಬೊಗಳೆಯಲ್ಲ. ಮನಶ್ಶಾಸ್ತ್ರಜ್ಞ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಹಳೆಯ ಸಂಶೋಧನೆಗಳನ್ನು ಮರಳಿ ಲೆಕ್ಕ ಹಾಕಿ 2022ರಲ್ಲಿ ಪ್ರಕಟಿಸಿದ್ದನ್ನು ನೋಡು. ಪರೀಕ್ಷೆಯ ಫಲಕ್ಕೂ ಮುಂದೆ ಕೆಲಸದಲ್ಲಿ ತೋರುವ ಕಸುವಿಗೂ ಏನೂ ನಂಟಿಲ್ಲದಿದ್ದರೆ ಸೊನ್ನೆ, ಪೂರ್ತಿ ಇದ್ದರೆ ಒಂದು. ಶಿಸ್ತು, ಜವಾಬ್ದಾರಿ ಅಳೆಯುವ ಪ್ರಶ್ನಾವಳಿಗೆ 0.19 ಸಿಕ್ಕಿತು. ಕೆಲಸವನ್ನೇ ಸ್ವಲ್ಪ ಮಾಡಿಸಿ ನೋಡುವುದಕ್ಕೆ 0.33. ಎಲ್ಲರಿಗೂ ಅದೇ ಪ್ರಶ್ನೆ ಕೇಳಿ, ಮೊದಲೇ ಗೊತ್ತುಮಾಡಿದ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನಕ್ಕೆ 0.42. ಅಂದರೆ ಪ್ರಶ್ನಾವಳಿಗೆ ಬೆಲೆ ಇದೆ, ಬಾಗಿಲಲ್ಲಿ ನಿಂತು ಯಾರು ಒಳಗೆ ಯಾರು ಹೊರಗೆ ಎನ್ನುವಷ್ಟು ಇಲ್ಲ.

ನಾನು ದುಡಿದ ರೈಸ್‌ಮಿಲ್ಲಿನಲ್ಲಿ ಭತ್ತ ನೋಡುವ ಗುಮಾಸ್ತನನ್ನು ಆರಿಸುವಾಗ ಚೀಲದಿಂದ ಒಂದು ಹಿಡಿ ತೆಗೆದು ಅವನ ಅಂಗೈಗೆ ಸುರಿಯುತ್ತಿದ್ದರು. ಕಾಳನ್ನು ಹಲ್ಲಿಗಿಟ್ಟು ಕಡಿದು ಪಸೆ ಎಷ್ಟಿದೆ, ಆಡಿಸಿದರೆ ನುಚ್ಚು ಎಷ್ಟು ಬಿದ್ದೀತು ಹೇಳಬೇಕು. ಆಮೇಲೆ ಅದೇ ಭತ್ತ ಆಡಿಸಿ ತಾಳೆ ನೋಡುತ್ತಿದ್ದರು. ಮೇಲಿನ ಹುದ್ದೆಗೆ ಮಾತ್ರ ಯಾರ ಕಡೆಯವನು, ಯಾವ ಜನ ಎಂಬುದೇ ಸಂದರ್ಶನ. ಯಂತ್ರ ಬೇಡ, ಮನುಷ್ಯನೇ ನೋಡಲಿ ಎನ್ನುವವರು ಇದನ್ನು ಮರೆಯುತ್ತಾರೆ. ಆದರೆ ಎಐ ಕಲಿಯುವುದೂ ನಾವು ಹಿಂದೆ ಆರಿಸಿದವರ ಕಡತದಿಂದಲೇ. ಅಮೆಜಾನ್ ಹತ್ತು ವರ್ಷದ ಅರ್ಜಿಗಳನ್ನು ಕಲಿಸಿ ಕಟ್ಟಿದ ಯಂತ್ರ ಹೆಂಗಸರ ಸುಳಿವಿದ್ದ ಅರ್ಜಿಗಳಿಗೆ ಅಂಕ ಕತ್ತರಿಸುತ್ತಿತ್ತು, ಕಂಪನಿ ಅದನ್ನು ಕೈಬಿಟ್ಟಿತು ಎಂದು 2018ರಲ್ಲಿ ರಾಯಿಟರ್ಸ್ ವರದಿ ಮಾಡಿತು. ನಮ್ಮ ಮಿಲ್ಲಿನ ಕಡತ ಕೊಟ್ಟಿದ್ದರೆ ಅದು ಏನು ಕಲಿಯುತ್ತಿತ್ತೋ, ನೀನೇ ಊಹಿಸು.

ಇನ್ನು ಪ್ರಶ್ನೆಗಳಿಗೆ ಬಾ. ‘ನಾಲ್ಕು ಜನ ಸೇರಿದ ಕಡೆ ಮಾತು ತೆಗೆಯುವವನು ನಾನೇ’: ಹೌದೋ ಅಲ್ಲವೋ? ಕುರುಗೋಡಿನ ರೈತರ ಮನೆಯ ಹುಡುಗ ‘ಅಲ್ಲ’ ಎಂದು ಗುರುತು ಹಾಕುತ್ತಾನೆ, ಏಕೆಂದರೆ ದೊಡ್ಡವರ ಮುಂದೆ ಬಾಯಿ ಹಾಕಬಾರದು ಎಂದು ಬೆಳೆಸಿದ್ದಾರೆ. ಮಾರ್ಕೆಟಿಂಗಿಗೆ ಒಗ್ಗದ ಅಂತರ್ಮುಖಿ ಎಂದು ವರದಿ ಬರುತ್ತದೆ. ಅದೇ ಹುಡುಗ ಮೆಣಸಿನಕಾಯಿ ಚೀಲ ಇಳಿಸಿ ದಲ್ಲಾಳಿಯ ಹತ್ತಿರ ದರಕ್ಕೆ ಜಗ್ಗಾಡುವುದನ್ನು ನೀನು ನೋಡಬೇಕು! ಪರೀಕ್ಷೆ ನಮ್ಮ ಜನಕ್ಕೆ ಒಗ್ಗಬೇಕು ಎಂಬ ಎಚ್ಚರ ಬುದ್ಧಿಮತ್ತೆಯ ವಿಷಯದಲ್ಲಿ ನಮ್ಮವರಿಗೆ ಎಂದೋ ಇತ್ತು. ವಿ. ವಿ. ಕಾಮತರು 1934ರಲ್ಲೇ ಬಿನೇ ಬುದ್ಧಿಮತ್ತೆ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿಕೊಟ್ಟರು. ಬಿನೇ–ಕಾಮತ್ ಎಂಬ ಹೆಸರು ಅದರಿಂದಲೇ ಬಂದದ್ದು.

ಮನೆಯಲ್ಲಿ ಕೂತು ತುಂಬುವ ಪರೀಕ್ಷೆಯಾದರೆ ಇನ್ನೊಂದು ತೊಡಕು. ಮೊಬೈಲಿನಲ್ಲಿ ಎಐ ಇಟ್ಟುಕೊಂಡವನು ಕಂಪನಿಗೆ ಬೇಕಾದ ಉತ್ತರವನ್ನೇ ಬರೆಸಿ ಕಳಿಸುತ್ತಾನೆ, ಅದನ್ನು ಓದುವುದೂ ಎಐ. ನಡುವೆ ಪ್ರಾಮಾಣಿಕವಾಗಿ ತುಂಬಿದವನಿಗೇ ನಷ್ಟ.

ಆದ್ದರಿಂದ ಮೊದಲು ಕೆಲಸ ಮಾಡಿಸಿ ನೋಡು, ಸಂದರ್ಶನದ ಅಂಕ ಬರೆದಿಡು, ವ್ಯಕ್ತಿತ್ವದ ವರದಿ ಆಮೇಲೆ ಬಿಚ್ಚು. ಅದರಲ್ಲಿ ಏನಾದರೂ ತಗುಲಿದರೆ ಅಭ್ಯರ್ಥಿಯನ್ನೇ ಕೂರಿಸಿ ಕೇಳು. ಎಐ ಬದಿಗಿಟ್ಟವರ ಅರ್ಜಿಯನ್ನು ಒಬ್ಬ ಮನುಷ್ಯ ಓದದೆ ತಿರಸ್ಕಾರದ ಮೇಲ್ ಹೋಗಕೂಡದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭ್ಯರ್ಥಿಯ ಮಾಹಿತಿ ಬಳಸಲು ಒಪ್ಪಿಗೆ ಕೇಳುವ ನೋಟಿಸನ್ನು ಕನ್ನಡದಲ್ಲೂ ಓದಲು ಅವಕಾಶ ಕೊಡಬೇಕು. ಅದನ್ನು ಈಗಲೇ ಮಾಡಿಸಿಡು.

ಮಾರಲು ಬಂದವರನ್ನು ಒಂದು ಕೇಳು: ಕನ್ನಡ ಶಾಲೆಯಲ್ಲಿ ಓದಿದ ಎಷ್ಟು ಜನರ ಮೇಲೆ ಇದನ್ನು ಒರೆಗೆ ಹಚ್ಚಿದ್ದೀರಿ, ಸೇರಿದ ಮೇಲೆ ಅವರು ಹೇಗೆ ದುಡಿದರು? ಬರವಣಿಗೆಯಲ್ಲಿ ಉತ್ತರ ಬರುವ ತನಕ ವರ್ಷದ ಕರಾರಿಗೆ ಸಹಿ ಹಾಕಬೇಡ. ಮೂರು ತಿಂಗಳ ಟ್ರಯಲ್ ಕೊಟ್ಟಾರು, ಚೌಕಾಸಿ ಮಾಡು. ಅಕ್ಕನನ್ನು ಕೇಳಿದೆ ಎಂದು ಹೇಳು.

ನಿನ್ನ ಸೋದರಮಾವ