ತೆರೆಯೇರಿದ ಯಂತ್ರ

ಸಾಗರದ ತೆರೆಗಳನ್ನು ಕಂಡು ಅಂಜಿದವರುಂಟು. ಅವುಗಳ ಬೆನ್ನೇರಿ ನಲಿದವರೂ ಉಂಟು. ಶಾಂತಸಾಗರದ ನಡುವಿನ ಹವಾಯಿ ದ್ವೀಪಗಳ ಜನರು ಎರಡನೆಯ ಗುಂಪಿಗೆ ಸೇರಿದವರು. ಮರದ ಹಲಗೆಯ ಮೇಲೆ ನಿಂತು, ದಡದತ್ತ ಧಾವಿಸುವ ಅಲೆಯೊಡನೆ ಜಾರಿಬರುವ ಕ್ರೀಡೆಯು ಅವರಲ್ಲಿ ಬಹು ಹಿಂದಿನಿಂದಲೂ ಬೆಳೆದುಬಂದಿತ್ತು. ಅರಸುಮನೆತನದವರೂ ಸಾಮಾನ್ಯರೂ ಅದರಲ್ಲಿ ಪಾಲ್ಗೊಳ್ಳುತ್ತಿದ್ದರು. ಇಂದು ಸರ್ಫಿಂಗ್ ಎಂದು ಕರೆಯಲಾಗುವ ಈ ಕ್ರೀಡೆಯನ್ನು ಹೊರನಾಡುಗಳಲ್ಲಿ ಜನಪ್ರಿಯಗೊಳಿಸಿದವರಲ್ಲಿ ಹವಾಯಿಯ ಡ್ಯೂಕ್ ಕಹಾನಮೊಕು ಪ್ರಮುಖರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಈಜಿಗಾಗಿ ಚಿನ್ನದ ಪದಕ ಗಳಿಸಿದವರೂ ಅವರೇ.

ಅಲೆಯನ್ನೇರುವುದು ಸುಲಭದ ಕೆಲಸವಲ್ಲ. ಸವಾರನು ಹಲಗೆಯ ಮೇಲೆ ಬೋರಲಾಗಿ ಮಲಗಿ, ಕೈಗಳಿಂದ ನೀರನ್ನು ಹಿಂದಕ್ಕೆ ತಳ್ಳುತ್ತ ವೇಗ ಗಳಿಸಬೇಕು. ಆ ವೇಗ ಸಾಲದಿದ್ದರೆ ಅಲೆಯು ಅವನನ್ನು ಹಿಂದೆ ಬಿಟ್ಟು, ಹಲಗೆಯ ಅಡಿಯಿಂದಲೇ ಸಾಗಿಹೋಗುತ್ತದೆ. ದೊಡ್ಡ ಅಲೆಗಳು ಹೆಚ್ಚು ಆಳವಿರುವಲ್ಲಿಯೇ ಒಡೆಯುತ್ತವೆ. ಆಳ ಹೆಚ್ಚಿದಂತೆ ಅವುಗಳ ವೇಗವೂ ಹೆಚ್ಚು. ಆದುದರಿಂದ ಬೃಹತ್ ಅಲೆಗಳನ್ನು ತೋಳ್ಬಲವೊಂದರಿಂದಲೇ ಹಿಡಿಯುವುದು ಅಸಾಧ್ಯವೆನಿಸಿತ್ತು.

ಈ ಕೊರತೆಯನ್ನು ಯಂತ್ರವು ತುಂಬಿತು. 1990ರ ದಶಕದ ಆರಂಭದಲ್ಲಿ ಹವಾಯಿಯ ಲೇರ್ಡ್ ಹ್ಯಾಮಿಲ್ಟನ್ ಮತ್ತು ಸಂಗಡಿಗರು ಮೋಟಾರು ದೋಣಿಯ ಹಗ್ಗ ಹಿಡಿದು, ಅಲೆಯ ವೇಗವನ್ನು ಮುಟ್ಟಿದೊಡನೆ ಹಗ್ಗವನ್ನು ಬಿಟ್ಟು ಸವಾರಿ ಮಾಡತೊಡಗಿದರು. ಪೋರ್ಚುಗಲ್ ದೇಶದ ನಜರೆಯಲ್ಲಿ, ಸಮುದ್ರತಳದ ಆಳವಾದ ಕಂದರದ ಪ್ರಭಾವದಿಂದ ಪರ್ವತಪ್ರಾಯವಾದ ಅಲೆಗಳು ಏಳುತ್ತವೆ. ಅಲ್ಲಿ 2020ರ ಅಕ್ಟೋಬರ್ 29ರಂದು ಜರ್ಮನಿಯ ಸೆಬಾಸ್ಟಿಯನ್ ಸ್ಟಾಯ್ಟ್‌ನರ್ 26.21 ಮೀಟರ್ ಎತ್ತರದ ಅಲೆಯನ್ನು ಏರಿದರು. 2022ರಲ್ಲಿ ಇದು ವಿಶ್ವದಾಖಲೆಯೆಂದು ಮನ್ನಣೆ ಪಡೆಯಿತು.

ಯಂತ್ರವು ಹಲಗೆಯೊಳಗೇ ಸೇರಿಕೊಂಡದ್ದು ಇನ್ನೊಂದು ಹೆಜ್ಜೆ. ವಿದ್ಯುತ್ ಹಲಗೆಯಲ್ಲಿ ಲಿಥಿಯಂ ಬ್ಯಾಟರಿಯೂ ನೀರನ್ನು ಹಿಂದಕ್ಕೆ ನೂಕುವ ಮೋಟಾರೂ ಇರುತ್ತವೆ. ಸವಾರನು ಅಂಗೈಯಲ್ಲಿರುವ ಚಿಕ್ಕ ಉಪಕರಣದಿಂದ ವೇಗವನ್ನು ಹತೋಟಿಯಲ್ಲಿಡುತ್ತಾನೆ. ಕೆಲವು ಹಲಗೆಗಳ ಕೆಳಗೆ ಕಂಬವೊಂದರ ತುದಿಯಲ್ಲಿ ರೆಕ್ಕೆಗಳಿರುತ್ತವೆ. ವಿಮಾನದ ರೆಕ್ಕೆಯು ಗಾಳಿಯಲ್ಲಿ ಮಾಡುವ ಕೆಲಸವನ್ನು ಇವು ನೀರಿನಲ್ಲಿ ಮಾಡಿ ಹಲಗೆಯನ್ನು ಮೇಲೆತ್ತುತ್ತವೆ. ಆಗ ನೀರಿನ ತಡೆ ಬಹುವಾಗಿ ತಗ್ಗಿ, ಸವಾರನು ತೇಲುವ ಬದಲು ಹಾರುವಂತೆ ಭಾಸವಾಗುತ್ತದೆ. ಅಲೆಗಾಗಿ ಕಾಯಬೇಕಾಗಿಲ್ಲ, ನಿಶ್ಚಲವಾದ ಸರೋವರವೂ ಸಾಕು. ಹೊಗೆಯಿಲ್ಲ, ಗದ್ದಲವೂ ಕಡಿಮೆ. ಇದರ ಆಕರ್ಷಣೆಗೆ ಇವೇ ಕಾರಣಗಳು.

ಆದರೆ ಗಳಿಕೆಯೊಡನೆ ನಷ್ಟವೂ ಇದೆ. ವೇಗವಾಗಿ ಬರುವ ಭಾರವಾದ ಹಲಗೆ ಈಜುವವರಿಗೆ ಅಪಾಯಕಾರಿಯಾಗಬಲ್ಲದು. ಅದಕ್ಕಿಂತಲೂ ಮುಖ್ಯವಾದುದೆಂದರೆ, ಗಂಟೆಗಟ್ಟಲೆ ಕಾದು, ಗಾಳಿಯನ್ನೂ ಉಬ್ಬರವಿಳಿತಗಳನ್ನೂ ಗಮನಿಸಿ ಕಡಲಿನ ಸ್ವಭಾವವನ್ನು ಅರಿಯುವ ಅಭ್ಯಾಸವು ಗುಂಡಿಯೊತ್ತುವವನಿಗೆ ಸುಲಭವಾಗಿ ದೊರೆಯದು. ನಜರೆಯ ಸವಾರನಿಗಾದರೂ ಯಂತ್ರದ ನೆರವು ಹಗ್ಗ ಕೈಬಿಡುವವರೆಗೆ ಮಾತ್ರ. ಮುಂದೆ ಉಳಿಯುವುದು ಹಲಗೆ, ಅಲೆ ಮತ್ತು ಅವನ ಎರಡು ಕಾಲುಗಳು. ಯಂತ್ರವು ಮಾನವನನ್ನು ಅಲೆಯ ಬಳಿಗೆ ಒಯ್ಯಬಲ್ಲದು. ಅಲೆಯ ಮೇಲೆ ನಿಲ್ಲುವ ಬಲವನ್ನು ಅವನೇ ಗಳಿಸಿಕೊಳ್ಳಬೇಕು.