ಅಪ್ಪನಿಗೆ ಹೆಡ್‌ಸೆಟ್ ತರುವ ಮುಂಚೆ

ತಮ್ಮಾ, ಬೆಂಗಳೂರಲ್ಲೋ ಪುಣೆಯಲ್ಲೋ ಕೆಲಸಕ್ಕಿರುವ ನಮ್ಮ ಹುಡುಗರು ಈಚೆಗೆ ಫೋನ್ ಮಾಡಿದಾಗೆಲ್ಲ ಕೇಳುವ ಮಾತು ಒಂದೇ: "ಕಣ್ಣಿಗೆ ಕಟ್ಟಿಕೊಳ್ಳೋ ವಿ.ಆರ್. ಹೆಡ್‌ಸೆಟ್ ಬಂದಾದಂತಲ್ರಿ, ಅಪ್ಪಂದು ಮನ್ಯಾಗೇ ಕಣ್ಣು ಚೆಕ್ ಮಾಡಬಹುದೇನು?" ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆಳಂದದಿಂದಾಗಲಿ ಜೇವರ್ಗಿಯಿಂದಾಗಲಿ ಕಲಬುರಗಿಗೆ ಸುಮಾರು 40 ಕಿಲೋಮೀಟರ್, ಅಫಜಲಪುರದಿಂದ ಇನ್ನೂ ದೂರ. ಭೀಮೆಯ ದಂಡೆಯ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಟು, ಚೀಟಿ ಮಾಡಿಸಿ, ಕಣ್ಣಿಗೆ ಔಷಧಿ ಬಿಡಿಸಿಕೊಂಡು ಪಾಪೆ ಅರಳುವ ತನಕ ಬೆಂಚಿನ ಮೇಲೆ ಕೂತು, ಮಂಜುಗಣ್ಣಲ್ಲೇ ಸಂಜೆ ಬಸ್ಸು ಹತ್ತುವ ಮುದುಕರನ್ನು ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ದುಡಿದ ಕಾಲದುದ್ದಕ್ಕೂ ನೋಡಿದ್ದೇನೆ. ಸೊಲ್ಲಾಪುರಕ್ಕೆ, ಮಿರಜಿಗೆ ಹೋಗಿ ಬರುವವರೂ ಇದ್ದಾರೆ. ಈ ಅಲೆದಾಟ ಒಂದಿಷ್ಟು ಕಡಿಮೆಯಾದರೂ ಆಗಲಿ ಎನ್ನುವವನೇ ನಾನು. ಆದರೆ ದುಡ್ಡು ಹಾಕುವ ಮುಂಚೆ ಆ ಸಾಮಾನು ಏನು ನೋಡುತ್ತದೆ, ಏನು ನೋಡುವುದಿಲ್ಲ ಎಂಬುದನ್ನು ತಿಳಿದುಕೋ.

ಅದು ಮುಖ್ಯವಾಗಿ ನೋಡುವುದು ದೃಷ್ಟಿಯ ಹರವನ್ನು. ಎದುರಿನ ಒಂದು ಚುಕ್ಕೆಯನ್ನೇ ದಿಟ್ಟಿಸುತ್ತಿರುವಾಗ ಮೇಲೆ, ಕೆಳಗೆ, ಅಕ್ಕಪಕ್ಕ ಎಷ್ಟು ದೂರದವರೆಗೆ ಕಣ್ಣಿಗೆ ತಿಳಿಯುತ್ತದೆ ಎಂಬ ಲೆಕ್ಕ ಅದು. ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ಹಂಫ್ರಿ ಎಂಬ ಯಂತ್ರವಿದೆ. ಗದ್ದವನ್ನು ಆನಿಸಿ, ಬಟ್ಟಲಿನಂಥ ಬಿಳಿ ಗೋಡೆಯನ್ನು ನೋಡುತ್ತಾ ಕೂರಬೇಕು. ಬೆನ್ನು ಬಾಗಿದವರಿಗೆ, ಕುತ್ತಿಗೆ ನೋವಿನವರಿಗೆ ಅದು ಶಿಕ್ಷೆಯೇ. ಚೆನ್ನೈನ ಎಲಿಸಾರ್, ಅಮೆರಿಕದ ಒಲ್ಲೈಸ್‌ನಂಥ ಕಂಪನಿಗಳು ಅದೇ ಪರೀಕ್ಷೆಯನ್ನು ತಲೆಗೆ ಕಟ್ಟಿಕೊಳ್ಳುವ ಪೆಟ್ಟಿಗೆಯೊಳಗೆ ತಂದಿವೆ. ಒಂದೊಂದು ಕಣ್ಣಿಗೂ ಬೇರೆ ಬೇರೆಯಾಗಿ ಸಣ್ಣ ಬೆಳಕು ಮಿಂಚುತ್ತದೆ, ಕಂಡರೆ ಕೈಯಲ್ಲಿನ ಗುಂಡಿ ಒತ್ತಬೇಕು. ನಮ್ಮ ಕಡೆ ಕಾಚಬಿಂದು ಎನ್ನುವ ಗ್ಲಾಕೋಮಾ ಇದ್ದವರಿಗೆ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆ ಕಾಯಿಲೆ ಸಾಮಾನ್ಯವಾಗಿ ಅಂಚಿನ ನೋಟವನ್ನು ಮೊದಲು ತಿನ್ನುತ್ತದೆ. ಮನುಷ್ಯ ಬಸ್ಸಿನ ಬೋರ್ಡು ಓದುತ್ತಾನೆ, ಪಕ್ಕದಿಂದ ಬಂದ ಬೈಕು ಮಾತ್ರ ಕಾಣುವುದಿಲ್ಲ. ಹೋದ ನೋಟ ತಿರುಗಿ ಬರುವುದಿಲ್ಲ. ಔಷಧಿ, ಆಪರೇಷನ್ ಏನಿದ್ದರೂ ಉಳಿದದ್ದನ್ನು ಕಾಯುವುದಕ್ಕೆ ಮಾತ್ರ.

ಆದರೆ ಬರೀ ಬೆಳಕು ತೋರಿಸಿ ಗುಂಡಿ ಒತ್ತಿಸುವ ಪೆಟ್ಟಿಗೆ ಕಣ್ಣಿನ ಒತ್ತಡ ಅಳೆಯುವುದಿಲ್ಲ, ಒಳಗಿನ ನರವನ್ನು ನೋಡುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲದಲ್ಲಿ ರಕ್ತ ಜಿನುಗಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಮೋತಿಬಿಂದು ಬಲಿತಿದ್ದರೆ, ಇಲ್ಲವೇ ಚಷ್ಮಾದ ನಂಬರಿಗೆ ತಕ್ಕ ಗಾಜು ಹಾಕದೆ ಕೂರಿಸಿದರೆ, ನಕ್ಷೆಯೆಲ್ಲಾ ಕಪ್ಪಿಟ್ಟು ಬಂದು ಮನೆಯವರ ಎದೆ ಒಡೆಯುತ್ತದೆ. ಹಾಗಾಗಿ ಕಾಯಿಲೆ ಇದೆಯೋ ಇಲ್ಲವೋ ಎಂಬ ತೀರ್ಮಾನವನ್ನು ಅದರಿಂದ ಮಾಡಬೇಡ. ಒಮ್ಮೆ ವೈದ್ಯರು ನೋಡಿ, ಗ್ಲಾಕೋಮಾ ಎಂದು ಹೇಳಿ, ಔಷಧಿ ಶುರುವಾದ ಮೇಲೆ, ಎರಡು ಭೇಟಿಗಳ ನಡುವೆ ನೋಟ ಕುಗ್ಗುತ್ತಿದೆಯೇ ಎಂದು ನೋಡಿಡುವುದಕ್ಕೆ, ಅದೂ ಅವರೇ ಒಪ್ಪಿ ಆ ವರದಿಯನ್ನು ನೋಡುತ್ತೇನೆ ಎಂದರೆ ಮಾತ್ರ, ತೆಗೆದುಕೋ.

ಹೆಡ್‌ಸೆಟ್ ತಂದೇಬಿಟ್ಟೆಯಾ? ಹಾಗಾದರೆ ಅಪ್ಪನನ್ನು ಹೊರಸಿನ ಮೇಲೆ ಕೂರಿಸಬೇಡ, ಬೆನ್ನಿಗೆ ಆಸರೆ ಇರುವ ಕುರ್ಚಿ ಹಾಕು. ಹೊಲದಿಂದ ದಣಿದು ಬಂದ ಸಂಜೆ ಬೇಡ, ಬೆಳಿಗ್ಗೆ ಚಹಾ ಕುಡಿದ ಮೇಲಾಗಲಿ. ಟಿವಿ ಆರಿಸು. ಮುಖ್ಯವಾಗಿ ಮೊಮ್ಮಕ್ಕಳನ್ನು ಹೊರಗೆ ಕಳಿಸು. ನಾನು ಕಂಡಿದ್ದೇನೆ, ಮುದುಕಿ ಗುಂಡಿ ಹಿಡಿದು ಕೂತಿದ್ದರೆ ಪಕ್ಕದಲ್ಲಿ ಹುಡುಗ "ಒತ್ತು ಆಯಿ, ಒತ್ತು!" ಎಂದು ಕೂಗುತ್ತಾನೆ. ಆಕೆ ಕಾಣದಿದ್ದರೂ ಒತ್ತುತ್ತಾಳೆ, ಪರೀಕ್ಷೆ ಅಲ್ಲಿಗೆ ಕೆಟ್ಟಿತು. ಬೆಳಕೇ ಇಲ್ಲದಾಗ ಎಷ್ಟು ಸಲ ಒತ್ತಿದರು, ನೋಟ ಚುಕ್ಕೆಯಿಂದ ಎಷ್ಟು ಸಲ ಜಾರಿತು ಎಂಬುದು ವರದಿಯ ಮೂಲೆಯಲ್ಲಿ ಬರುತ್ತದೆ. ನಕ್ಷೆಗಿಂತ ಮೊದಲು ಅದನ್ನು ನೋಡು.

ಇನ್ನೊಂದನ್ನು ಅಪ್ಪನಿಗೆ ಬಿಡಿಸಿ ಹೇಳು. ಕಣ್ಣಿಗೆ ಕಾಣದಷ್ಟಾಗುವ ತನಕ ಬೆಳಕನ್ನು ಮಂಕು ಮಾಡುತ್ತಾ ಹೋಗುವುದೇ ಆ ಯಂತ್ರದ ಕೆಲಸ. ಒಳ್ಳೆಯ ಕಣ್ಣಿಗೂ ಎಷ್ಟೋ ಬೆಳಕು ಕಾಣುವುದೇ ಇಲ್ಲ. ಇದು ಗೊತ್ತಿಲ್ಲದೆ ನಮ್ಮ ಹಿರಿಯರು ಫೇಲಾದೆವು ಎಂದು ಕುಗ್ಗಿಬಿಡುತ್ತಾರೆ. ಮೊದಲ ಸಲದ ಫಲಿತಾಂಶ ಬಹಳ ಮಂದಿಗೆ ಕಡಿಮೆಯೇ ಬರುತ್ತದೆ, ಕೈ ಕೂಡಬೇಕು. ಸೂಚನೆ ಕನ್ನಡದಲ್ಲಿ ಬರುತ್ತದೆಯೇ ಎಂದು ಕೊಳ್ಳುವ ಮುಂಚೆಯೇ ಕೇಳು. ತಲೆ ತಿರುಗುವವರಿಗೆ, ಫಿಟ್ಸ್ ಇರುವವರಿಗೆ ವೈದ್ಯರನ್ನು ಕೇಳದೆ ಕಟ್ಟಬೇಡ.

ಮನೆಗೊಂದು ಹೆಡ್‌ಸೆಟ್‌ಗಿಂತ ತಾಲ್ಲೂಕು ಆಸ್ಪತ್ರೆಗೊಂದು ಬರಲಿ ಎಂಬುದು ನನ್ನ ಆಸೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಶಿಬಿರ ಒಯ್ದು ಕಣ್ಣಿನ ಪೊರೆ ತೆಗೆದ ನಾಡಿದು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್ರಾಪ್ ಶುರುಮಾಡಿತು. ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ, ದಿನ ತುಂಬದೆ ಹುಟ್ಟಿದ ಕೂಸಿನ ಕಣ್ಣಿನ ಚಿತ್ರ ತೆಗೆಯುತ್ತಾರೆ, ವೈದ್ಯರು ದೂರದಿಂದಲೇ ನೋಡಿ ಹೇಳುತ್ತಾರೆ. ಅಲ್ಲಿ ಕೆಲಸ ಮಾಡಿದ್ದು ಬರೀ ಯಂತ್ರವಲ್ಲ, ಅದನ್ನು ಹಿಡಿಯಲು ಕಲಿತ ಕೈ ಮತ್ತು ಚಿತ್ರವನ್ನು ಓದುವ ವೈದ್ಯರು. ನಮ್ಮ ನೇತ್ರಾಧಿಕಾರಿಗಳ ಕೈಗೆ ಹೆಡ್‌ಸೆಟ್ ಕೊಟ್ಟರೆ ಆಳಂದದ, ಅಫಜಲಪುರದ, ಜೇವರ್ಗಿಯ ಅಜ್ಜ ಅಜ್ಜಿಯರಿಗೆ ಆ ಎರಡೂ ಸಿಗುತ್ತವೆ. ಸರ್ಕಾರದ 'ಆಶಾಕಿರಣ' ಯೋಜನೆಯ ಮೊದಲ ಹಂತದಲ್ಲೇ ಕಲಬುರಗಿ ಜಿಲ್ಲೆ ಇತ್ತು. ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೇ ಬಂದು ಕಣ್ಣು ನೋಡಿದರು, ಬೇಕಾದವರಿಗೆ ಉಚಿತ ಚಷ್ಮಾ ಕೊಡುವ ಯೋಜನೆ ಅದು. ಊರಿನ ಆಶಾ ತಾಯಿಗೆ ಫೋನ್ ಮಾಡಿ ಅಪ್ಪನ ತಪಾಸಣೆ ಆಗಿದೆಯೇ ಎಂದು ಕೇಳು, ಅದಕ್ಕೆ ದುಡ್ಡು ಬೇಕಿಲ್ಲ.

ತೊಗರಿ ರಾಶಿಯ ಹೊತ್ತಿನಲ್ಲಿ ಹೊಟ್ಟು, ಸಿಪ್ಪೆ ಸಿಡಿದು ಕಣ್ಣು ಕೆಂಪಾದಾಗ ಹೆಡ್‌ಸೆಟ್ ನೆನಪಿಗೂ ಬರಬಾರದು. ಕರಿಗುಡ್ಡೆಗೆ ಗಾಯವಾಗಿದ್ದರೆ ಶಿಲೀಂಧ್ರ ಹತ್ತಬಹುದು. ಆಗ ಮೆಡಿಕಲ್ ಶಾಪಿನಿಂದ ತಂದ ಸ್ಟಿರಾಯ್ಡ್ ಹನಿ ಬಿಟ್ಟರೆ ಕಣ್ಣೇ ಹೋಗಬಹುದು. ಅದೇ ಹನಿಯನ್ನು ತಿಂಗಳುಗಟ್ಟಲೆ ಬಿಡುತ್ತಾ ಹೋದರೆ ಒತ್ತಡ ಏರಿ ಗ್ಲಾಕೋಮಾ ಬರಬಹುದು. ದೀಪದ ಸುತ್ತ ಬಣ್ಣದ ಬಳೆ ಕಂಡು ತಲೆನೋವು, ವಾಂತಿ ಬಂದರೆ, ನೋಟಕ್ಕೆ ಪರದೆ ಇಳಿದಂತಾದರೆ, ಅದೇ ದಿನ ಆಸ್ಪತ್ರೆಗೆ ಹೊರಡಿ. ಕಣ್ಣು ಬಂದವರು ಕಟ್ಟಿದ ಹೆಡ್‌ಸೆಟ್ಟನ್ನು ಒರೆಸದೆ ಮತ್ತೊಬ್ಬರಿಗೆ ಕಟ್ಟಬೇಡಿ, 2023ರ ಮಳೆಗಾಲದಲ್ಲಿ ಅದು ಮನೆಮನೆಗೆ ಹಬ್ಬಿದ್ದು ನೆನಪಿದೆಯಲ್ಲ.

ಮುಂದಿನ ಸಲ ಊರಿಗೆ ಬಂದಾಗ ಅಪ್ಪನನ್ನು ಕಲಬುರಗಿಗೆ ಕರೆದುಕೊಂಡು ಹೋಗು. ಬಿಡುತ್ತಿರುವ ಔಷಧಿಯ ಹೆಸರು ಬರೆದುಕೊಂಡರೆ ಸಾಲದು, ಬಾಟಲಿಯನ್ನೇ ಚೀಲದಲ್ಲಿಡು. ಅಪ್ಪನಿಗೆ ಕಾಚಬಿಂದು ಎಂದಾದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಬರುವ ಸಂಭವ ಹೆಚ್ಚು. ಆದ್ದರಿಂದ ಕಾಕಾ, ಅತ್ತೆಯರಿಗೂ ಹೇಳು. ನಿನಗೂ ನಲವತ್ತು ಹತ್ತಿರ ಬಂತು, ಅದೇ ದಿನ ಅದೇ ಕೋಣೆಯಲ್ಲಿ ನಿನ್ನ ಕಣ್ಣಿನ ಒತ್ತಡವನ್ನೂ ನೋಡಿಸಿಕೊಂಡು ಬಾ.